ಫಾರ್ಮ್ಯಾಟ್ ಮಾಡಿಸುವ ಮುಂಚೆ

ವೈರಸ್ ಬಂದಿದೆ ಎಂದು ಕಂಪ್ಯೂಟರನ್ನು ಅಂಗಡಿಗೆ ಹೊತ್ತುಕೊಂಡು ಹೋದರೆ ಬಹುಪಾಲು ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಮಾಡಬೇಕು’, ಅಂದರೆ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಕಂಪ್ಯೂಟರಿಗೆ ಫಾರ್ಮ್ಯಾಟ್ ನಿಜವಾಗಿ ಬೇಕಿರುವುದು ಇಬ್ಬರಿಗೆ ಮಾತ್ರ. ಆ ಇಬ್ಬರಿಗೂ ಫಾರ್ಮ್ಯಾಟಿಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ.

ಪರದೆಯ ಬಲಮೂಲೆಯಲ್ಲಿ ಐದೈದು ನಿಮಿಷಕ್ಕೆ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಎಂಬ ಚೀಟಿ ಮೂಡುತ್ತದೆ. ಆ್ಯಂಟಿವೈರಸ್ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಎನ್ನುತ್ತದೆ. ಯಾವುದನ್ನು ನಂಬಲಿ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಆ್ಯಂಟಿವೈರಸ್ಸನ್ನು ನಂಬಿ. ಆ ಚೀಟಿ ಬರೀ ಜಾಹೀರಾತು. ಯಾವುದೋ ಜಾಲತಾಣ ‘ವಿಡಿಯೊ ನೋಡಲು ಅಲೌ ಒತ್ತಿ’ ಎಂದಾಗ ಒತ್ತಿರುತ್ತೀರಿ. ನೋಟಿಫಿಕೇಶನ್ ಕಳಿಸುವ ಪರವಾನಗಿಯನ್ನು ಅಲ್ಲಿಗೆ ನೀವೇ ಕೊಟ್ಟಂತಾಯಿತು. ಚೀಟಿಯನ್ನು ಹತ್ತಿರದಿಂದ ನೋಡಿ: ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂದಿರುತ್ತದೆ, ಜೊತೆಗೆ ಅರ್ಥವಿಲ್ಲದ ಒಂದು ಜಾಲತಾಣದ ವಿಳಾಸವೂ ಇರುತ್ತದೆ. ನಿಜವಾದ ಆ್ಯಂಟಿವೈರಸ್ಸಿನ ಎಚ್ಚರಿಕೆಯಲ್ಲಿ ಜಾಲತಾಣದ ವಿಳಾಸ ಇರುವುದಿಲ್ಲ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಒಳಗೆ ಹೋಗಿ. ‘ಅಲೌಡ್’ ಪಟ್ಟಿಯಲ್ಲಿ ಗುರುತಿಲ್ಲದ ಪ್ರತಿ ವಿಳಾಸದ ಮುಂದಿನ ಮೂರು ಚುಕ್ಕಿ ಒತ್ತಿ ‘ಬ್ಲಾಕ್’ ಮಾಡಿ. ಬರೀ ‘ರಿಮೂವ್’ ಮಾಡಿದರೆ ಅದೇ ತಾಣ ಮತ್ತೆ ಕೇಳುತ್ತದೆ. ಅಲ್ಲಿಗೆ ಹೋದಾಗ ಎಕ್ಸ್‌ಟೆನ್ಷನ್ ಪಟ್ಟಿಯನ್ನೂ ಒಮ್ಮೆ ನೋಡಿ, ಹಾಕಿಕೊಂಡ ನೆನಪಿಲ್ಲದ್ದನ್ನು ಕಿತ್ತುಹಾಕಿ. ನೀವು ಕೇಳದೆ ಹುಡುಕಾಟದ ಪುಟ ಬದಲಾಗಿದ್ದರೆ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟಿದ್ದೆ. ಮನೆಗೆ ಬಂದು ತೆರೆದರೆ ಫೈಲುಗಳೆಲ್ಲ ಮಾಯ, ಪೆನ್‌ಡ್ರೈವಿನದೇ ಹೆಸರಿನ ಒಂದು ಶಾರ್ಟ್‌ಕಟ್ ಮಾತ್ರ ಇದೆ. ಎರಡು ಸಲ ಫಾರ್ಮ್ಯಾಟ್ ಮಾಡಿದೆ, ಮತ್ತೆ ಅದೇ ಕತೆ. ಮನೆಯ ಇನ್ನೊಂದು ಪೆನ್‌ಡ್ರೈವಿಗೂ ಹರಡಿದೆ.
— ಪದವಿ ವಿದ್ಯಾರ್ಥಿನಿ, ಹಾವೇರಿ

ಮತ್ತೆ ಮತ್ತೆ ಬರುತ್ತಿದೆ ಎಂದರೆ ವೈರಸ್ ಈಗ ಕೂತಿರುವುದು ಪೆನ್‌ಡ್ರೈವಿನಲ್ಲಲ್ಲ, ನಿಮ್ಮ ಕಂಪ್ಯೂಟರಿನಲ್ಲಿ. ಪೆನ್‌ಡ್ರೈವ್ ಚುಚ್ಚಿದ ಕೆಲವೇ ಕ್ಷಣಗಳಲ್ಲಿ ಅದು ತನ್ನ ಪ್ರತಿ ಬರೆಯುತ್ತದೆ. ಆದ್ದರಿಂದ ಮೊದಲು ಕಂಪ್ಯೂಟರ್, ಆಮೇಲೆ ಪೆನ್‌ಡ್ರೈವ್.

ಮೊದಲ ಸಲ ಅಳಿಸಿದ್ದು ಹೋಯಿತು. ಎರಡನೆಯ ಪೆನ್‌ಡ್ರೈವಿನ ಫೈಲುಗಳು ಮಾತ್ರ ಎಲ್ಲೂ ಹೋಗಿರುವುದಿಲ್ಲ. ಅದರ ಪ್ರಾಪರ್ಟೀಸ್ ನೋಡಿ: ಒಳಗೆ 1 ಕೆಬಿಯ ಶಾರ್ಟ್‌ಕಟ್ ಬಿಟ್ಟರೆ ಏನೂ ಕಾಣುತ್ತಿಲ್ಲ, ಆದರೆ ‘ಯೂಸ್ಡ್ ಸ್ಪೇಸ್’ ಮೊದಲಿನಷ್ಟೇ ತೋರಿಸುತ್ತಿದ್ದರೆ ಎಲ್ಲವೂ ಬಚ್ಚಿಟ್ಟ ಒಂದು ಫೋಲ್ಡರಿನಲ್ಲಿದೆ. ಶಾರ್ಟ್‌ಕಟ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಪ್ರಾಪರ್ಟೀಸನ್ನೂ ನೋಡಿ. ‘ಟಾರ್ಗೆಟ್’ ಎಂಬಲ್ಲಿ ಒಂದು ಫೈಲಿನ ವಿಳಾಸ ಇರಬೇಕಿತ್ತು. ಅದರ ಬದಲು ಸಿಎಂಡಿ, ಡಬ್ಲ್ಯೂಸ್ಕ್ರಿಪ್ಟ್ ಅಥವಾ ರನ್‌ಡಿಎಲ್‌ಎಲ್32 ಎಂದು ಶುರುವಾಗಿ ಉದ್ದನೆಯ ಸಾಲು ಇರುತ್ತದೆ. ನೀವು ಡಬಲ್ ಕ್ಲಿಕ್ ಮಾಡಿದಾಗ ಆ ಸಾಲು ಮೊದಲು ವರ್ಮ್ ಅನ್ನು (ತಾನೇ ಪ್ರತಿ ಮಾಡಿಕೊಂಡು ಹರಡುವ ವೈರಸ್ಸನ್ನು) ಓಡಿಸಿ, ಮರುಕ್ಷಣ ನಿಮ್ಮ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಫೈಲ್ ಕಂಡಿತಲ್ಲ, ಯಾರಿಗೂ ಅನುಮಾನ ಬರುವುದಿಲ್ಲ.

ಹಿಂದೆ ಇಷ್ಟೂ ಬೇಕಿರಲಿಲ್ಲ, ಪೆನ್‌ಡ್ರೈವ್ ಚುಚ್ಚಿದರೆ ಸಾಕಿತ್ತು. 2009ರ ವಿಂಡೋಸ್ 7ರಲ್ಲಿ ಪೆನ್‌ಡ್ರೈವಿನ ಆಟೊರನ್, ಅಂದರೆ ಚುಚ್ಚಿದೊಡನೆ ತಾನೇ ಓಡುವ ವ್ಯವಸ್ಥೆ, ನಿಂತಿತು. ಎಕ್ಸ್‌ಪಿ ಮತ್ತು ವಿಸ್ಟಾಗೂ 2011ರ ಫೆಬ್ರುವರಿಯ ಅಪ್‌ಡೇಟಿನಲ್ಲಿ ನಿಲ್ಲಿಸಿದರು. ಆ ಬಾಗಿಲು ಮುಚ್ಚಿದ ಮೇಲೆ ವರ್ಮ್ ಬರೆಯುವವರಿಗೆ ನಿಮ್ಮದೇ ಕ್ಲಿಕ್ ಬೇಕಾಯಿತು. ಅದಕ್ಕೇ ಈ ಶಾರ್ಟ್‌ಕಟ್ ವೇಷ.

ಈಗ ಕೆಲಸ. ಪೆನ್‌ಡ್ರೈವುಗಳನ್ನು ಹೊರಗಿಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಡೀಟೇಲ್ಸ್’ ಹಾಳೆಗೆ ಹೋಗಿ. ಡಬ್ಲ್ಯೂಸ್ಕ್ರಿಪ್ಟ್ ಎಂಬುದು ಓಡುತ್ತಿದ್ದರೆ ‘ಎಂಡ್ ಟಾಸ್ಕ್’ ಕೊಡಿ. ಅದು ವಿಂಡೋಸಿನದೇ ತಂತ್ರಾಂಶ, ವರ್ಮ್ ಅದರ ಹೆಗಲೇರಿ ಕೂತಿದೆ ಅಷ್ಟೆ. ಸಿಟ್ಟಿನಲ್ಲಿ ಸಿಸ್ಟಮ್32 ಫೋಲ್ಡರಿನಿಂದ ಅದನ್ನು ಅಳಿಸಬೇಡಿ. ನಂತರ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಬರುವ ರನ್ ಚೌಕದಲ್ಲಿ ಶೆಲ್, ಕೋಲನ್, ಸ್ಟಾರ್ಟಪ್ ಎಂದು ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಡಿ. ತೆರೆಯುವ ಫೋಲ್ಡರ್ ಎಷ್ಟೋ ಮನೆಗಳಲ್ಲಿ ಖಾಲಿಯೇ ಇರುತ್ತದೆ. ಅಲ್ಲಿ ವಿಬಿಎಸ್ ಅಥವಾ ಜೆಎಸ್ ಎಂದು ಕೊನೆಯಾಗುವ ಫೈಲ್ ಕಂಡರೆ ಅಳಿಸಿ. ಟಾಸ್ಕ್ ಶೆಡ್ಯೂಲರ್ ತೆರೆದು ಕೆಲವೇ ನಿಮಿಷಕ್ಕೊಮ್ಮೆ ಓಡುವ, ಗುರುತಿಲ್ಲದ ಕೆಲಸವೇನಾದರೂ ಇದೆಯೇ ನೋಡಿ. ಈ ಹೆಜ್ಜೆ ಬಿಟ್ಟವರಿಗೇ ‘ತೆಗೆದರೂ ಮತ್ತೆ ಬಂತು’ ಎನ್ನುವ ಪಾಡು.

ಇಷ್ಟಾದ ಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಮೊದಲು ‘ಫುಲ್ ಸ್ಕ್ಯಾನ್’, ಆಮೇಲೆ ‘ಆಫ್‌ಲೈನ್ ಸ್ಕ್ಯಾನ್’ ಮಾಡಿ. ಎರಡನೆಯದಕ್ಕೆ ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ಸುಮಾರು 15 ನಿಮಿಷ. ವಿಂಡೋಸ್ ಓಡುತ್ತಿರುವಾಗ ಬಚ್ಚಿಟ್ಟುಕೊಳ್ಳುವ ಜಾತಿಗೆ ಇದೇ ಮದ್ದು.

ಕಂಪ್ಯೂಟರ್ ಚೊಕ್ಕಟವಾದ ಮೇಲೆ ಪೆನ್‌ಡ್ರೈವ್ ಚುಚ್ಚಿ, ಶಾರ್ಟ್‌ಕಟ್ ಮುಟ್ಟಬೇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಹೀಗೆ ಬರೆಯಿರಿ: ಅಟ್ರಿಬ್ ಎಂಬ ಪದ (ಎ, ಟಿ, ಟಿ, ಆರ್, ಐ, ಬಿ), ಸ್ಪೇಸ್, ಮೈನಸ್ ಎಚ್, ಸ್ಪೇಸ್, ಮೈನಸ್ ಎಸ್, ಸ್ಪೇಸ್, ಪೆನ್‌ಡ್ರೈವಿನ ಅಕ್ಷರ, ಅದಕ್ಕೆ ಅಂಟಿಕೊಂಡು ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರ, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಡಿ. ಬರೀ ‘ಹಿಡನ್’ ಗುರುತು ತೆಗೆದರೆ ಸಾಲದು, ‘ಸಿಸ್ಟಮ್’ ಗುರುತನ್ನೂ ಹಾಕಿರುತ್ತದೆ. ಮೈನಸ್ ಎಸ್ ಅದಕ್ಕಾಗಿ. ಈಗ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣಬಹುದು. ನಿಜವಾಗಿ ಹೆಸರಿದೆ, ಕಣ್ಣಿಗೆ ಕಾಣದ ಖಾಲಿ ಅಕ್ಷರದ್ದು. ನಿಮ್ಮ ಫೈಲುಗಳು ಅದರೊಳಗೆ. ವರ್ಡ್, ಪಿಡಿಎಫ್, ಫೋಟೊಗಳನ್ನಷ್ಟೇ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟಿನ ಸರದಿ ಈಗ.

ಇನ್ನು ಮುಂದೆ ಪ್ರಿಂಟಿಗೆ ಪಿಡಿಎಫ್ ಮಾಡಿ ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕಳಿಸಿ. ಪೆನ್‌ಡ್ರೈವೇ ಬೇಕೆಂದರೆ ಪ್ರಿಂಟಿಗೆಂದೇ ಹಳೆಯದೊಂದನ್ನು ಮೀಸಲಿಡಿ, ಅದರಲ್ಲಿ ಆ ದಿನದ ಫೈಲ್ ಬಿಟ್ಟು ಬೇರೇನೂ ಇರಬಾರದು. ಅಂಗಡಿಯವರನ್ನು ಬಯ್ದು ಪ್ರಯೋಜನವಿಲ್ಲ. ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಚುಚ್ಚುವ ಯಂತ್ರ ಅದು.

ಕಂಪ್ಯೂಟರ್ ಆನ್ ಆಗಲು ಐದು ನಿಮಿಷ ಬೇಕು. ವೈರಸ್ಸೇ?
— ಗೃಹಿಣಿ, ಮಂಡ್ಯ

ಬಹುಶಃ ಅಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ‘ಡಿಸ್ಕ್’ 100% ಎಂದು ನಿಂತಿದ್ದು, ಯಂತ್ರದಲ್ಲಿ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಅನುಮಾನಪಡಬೇಕಾದ ಲಕ್ಷಣ ಬೇರೆ: ಏನೂ ಮಾಡದೆ ಬಿಟ್ಟಾಗ ಫ್ಯಾನ್ ಭರ್ರೆಂದು ತಿರುಗಿ, ಟಾಸ್ಕ್ ಮ್ಯಾನೇಜರ್ ತೆರೆದೊಡನೆ ತಣ್ಣಗಾಗುವುದು. ಕದ್ದು ಕ್ರಿಪ್ಟೊ ನಾಣ್ಯ ಗಣಿ ತೋಡುವ ಮಾಲ್‌ವೇರುಗಳಲ್ಲಿ (ಕೇಡಿನ ತಂತ್ರಾಂಶಗಳಲ್ಲಿ) ಕೆಲವು ಯಾರೋ ನೋಡುತ್ತಿದ್ದಾರೆಂದು ತಿಳಿದು ಸುಮ್ಮನಾಗುತ್ತವೆ. ಹಾಗಿದ್ದರೆ ಮೇಲೆ ಹೇಳಿದ ಆಫ್‌ಲೈನ್ ಸ್ಕ್ಯಾನ್ ಮಾಡಿ.

ಮಗ ವಿಡಿಯೊ ಎಡಿಟಿಂಗ್ ತಂತ್ರಾಂಶದ ಕ್ರ್ಯಾಕ್ (ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ) ಹಾಕಿಕೊಂಡ. ಮರುದಿನ ಹತ್ತು ವರ್ಷದ ಫೋಟೊಗಳೆಲ್ಲ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಸೇರಿಕೊಂಡಿವೆ. ಎಲ್ಲ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಚೀಟಿ: 980 ಡಾಲರ್, 72 ಗಂಟೆಯೊಳಗಾದರೆ 490. ಅಂಗಡಿಯವರೊಬ್ಬರು 15,000 ರೂಪಾಯಿಗೆ ಬಿಡಿಸಿಕೊಡುತ್ತೇನೆ ಎನ್ನುತ್ತಾರೆ. ಕೊಡಬಹುದೇ?
— ಓದುಗರು, ದಾವಣಗೆರೆ

ಕೊಡಬೇಡಿ. ನೀವು ಬರೆದ ಮೊತ್ತ, 72 ಗಂಟೆಯ ಅರ್ಧ ಬೆಲೆ, ನಾಲ್ಕು ಅಕ್ಷರದ ಬಾಲ, ಕ್ರ್ಯಾಕ್ ಮೂಲಕ ಪ್ರವೇಶ, ಎಲ್ಲವೂ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂದು ಕರೆಯುವ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರಿನ ಗುರುತುಗಳು. 2018ರಿಂದ ಈಚೆಗೆ ಮನೆಬಳಕೆಯ ಕಂಪ್ಯೂಟರುಗಳನ್ನೇ ಹೆಚ್ಚಾಗಿ ಹಿಡಿದದ್ದು ಇದು. ಇದರ ಬೀಗಕ್ಕೆ ಕೀ ಇಲ್ಲದೆ ಯಾವ ಅಂಗಡಿಯವರೂ ಏನೂ ಮಾಡಲಾರರು. ಒಂದು ಫೋಟೊ ತೆರೆದು ತೋರಿಸಿದರೂ ನಂಬಬೇಡಿ. ಚೀಟಿಯನ್ನು ಪೂರ್ತಿ ಓದಿ: ಒಂದು ಫೈಲನ್ನು ಉಚಿತವಾಗಿ ಬಿಡಿಸಿಕೊಡುತ್ತೇವೆ ಎಂದು ವಂಚಕರೇ ಬರೆದಿರುತ್ತಾರೆ. ಆ ಒಂದು ಫೈಲನ್ನು ಯಾರು ಬೇಕಾದರೂ ಅವರಿಗೆ ಮೇಲ್ ಮಾಡಿ ತರಿಸಿಕೊಳ್ಳಬಹುದು.

ಕೂಡಲೇ ಇಂಟರ್ನೆಟ್ ಕೇಬಲ್ ಅಥವಾ ವೈಫೈ ತಪ್ಪಿಸಿ, ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಕಿತ್ತಿಡಿ. ಫಾರ್ಮ್ಯಾಟ್ ಮಾಡಬೇಡಿ, ಚೀಟಿಯನ್ನೂ ಅಳಿಸಬೇಡಿ. ಚೀಟಿಯ ಕೊನೆಗೆ ‘ಪರ್ಸನಲ್ ಐಡಿ’ ಎಂಬ ಉದ್ದನೆಯ ಸಾಲು ಇದೆಯಲ್ಲ, ನಿಮ್ಮ ಭವಿಷ್ಯ ಅದರ ಕೊನೆಯ ಎರಡು ಅಕ್ಷರದಲ್ಲಿದೆ. ‘ಟಿ’ ಮತ್ತು ‘1’ ಎಂದು ಮುಗಿದಿದ್ದರೆ, ಬೀಗ ಹಾಕುವಾಗ ರ್‍ಯಾನ್ಸಮ್‌ವೇರಿಗೆ ತನ್ನ ಸರ್ವರ್ ಸಿಗದೆ, ಹೊಟ್ಟೆಯಲ್ಲೇ ಇದ್ದ ಸಾಮಾನ್ಯ ಕೀ ಬಳಸಿದೆ ಎಂದರ್ಥ. ಆ ಕೀ ಒಂದೇ ತಳಿಗೆ ಸಿಕ್ಕಿದವರಿಗೆಲ್ಲ ಒಂದೇ. ಹಾಗಾಗಿ ಅದು ಹೊರಬಿದ್ದಾಗ ಎಲ್ಲರಿಗೂ ದಾರಿ ತೆರೆಯುತ್ತದೆ. ಎಮ್ಸಿಸಾಫ್ಟ್ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಬಿಟ್ಟ ಉಚಿತ ಡಿಕ್ರಿಪ್ಟರ್ ಮಾಡುವುದು ಇದನ್ನೇ. ಆನ್‌ಲೈನ್ ಕೀ ಆಗಿದ್ದರೆ ಅದು ನಿಮ್ಮೊಬ್ಬರದೇ, ಈಗ ಬಿಡಿಸಲಾಗದು. ಬೇರೆ ಬಗೆಯ ರ್‍ಯಾನ್ಸಮ್‌ವೇರ್ ಇರಬಹುದೆಂಬ ಅನುಮಾನವಿದ್ದರೆ ‘ನೋ ಮೋರ್ ರ್‍ಯಾನ್ಸಮ್’ ತಾಣಕ್ಕೆ ಚೀಟಿಯನ್ನೂ ಒಂದು ಹಾಳಾದ ಫೈಲನ್ನೂ ಕೊಟ್ಟರೆ ತಳಿ ಹೇಳುತ್ತದೆ. ನೆದರ್ಲೆಂಡ್ಸ್ ಪೊಲೀಸರು, ಯೂರೊಪೋಲ್ ಮತ್ತು ಎರಡು ಆ್ಯಂಟಿವೈರಸ್ ಸಂಸ್ಥೆಗಳು ಸೇರಿ 2016ರಲ್ಲಿ ಶುರು ಮಾಡಿದ ಉಚಿತ ಸೇವೆ ಅದು.

ಕೀ ಇಲ್ಲದಿದ್ದರೂ ಒಂದಿಷ್ಟು ಉಳಿಯುತ್ತದೆ. ಬೇಗ ಮುಗಿಸುವ ಆತುರಕ್ಕೆ ಈ ತಳಿ ಪ್ರತಿ ಫೈಲಿನ ಮೊದಲ 150 ಕೆಬಿಯನ್ನಷ್ಟೇ ಕೆಡಿಸುತ್ತದೆ. ಸಣ್ಣ ವರ್ಡ್ ಫೈಲಿಗೆ ಅದು ಸಾವು. 500 ಎಂಬಿಯ ಮದುವೆ ವಿಡಿಯೊಗೆ ಗಾಯ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೊವನ್ನು ಮಾದರಿಯಾಗಿ ಕೊಟ್ಟರೆ ಎಂಪಿ4 ರಿಪೇರಿ ತಂತ್ರಾಂಶಗಳು ಹಲವು ಸಲ ಬಹುಭಾಗ ಬದುಕಿಸುತ್ತವೆ. ಜಿಪ್ ಕಡತಗಳಲ್ಲಿ ಮೊದಲ ಒಂದೆರಡು ಫೈಲ್ ಹೋಗಿ ಉಳಿದವು ತೆರೆದುಕೊಳ್ಳುತ್ತವೆ. ಯಾವುದೇ ಪ್ರಯೋಗವನ್ನು ಪ್ರತಿಯ ಮೇಲೆ ಮಾತ್ರ ಮಾಡಿ, ಮೂಲವನ್ನು ಮುಟ್ಟಬೇಡಿ. ಫೋಟೊಗಳು ಗೂಗಲ್ ಡ್ರೈವಿಗೆ ಸಿಂಕ್ ಆಗುತ್ತಿದ್ದರೆ ಅಲ್ಲಿನ ಪ್ರತಿಯೂ ಹಾಳಾಗಿರಬಹುದು. ಆದರೆ ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಇರುತ್ತದೆ, ‘ಮ್ಯಾನೇಜ್ ವರ್ಷನ್ಸ್’ ನೋಡಿ. ವಾಟ್ಸ್‌ಆ್ಯಪ್ ಗುಂಪುಗಳು, ನೆಂಟರ ಫೋನುಗಳು, ಹಳೆಯ ಮೆಮೊರಿ ಕಾರ್ಡುಗಳನ್ನು ಮರೆಯಬೇಡಿ.

ಫೋಟೊ ದುಃಖದಲ್ಲಿ ಎಲ್ಲರೂ ಮರೆಯುವ ಸಂಗತಿ ಇನ್ನೊಂದಿದೆ. ಈ ರ್‍ಯಾನ್ಸಮ್‌ವೇರ್ ಎಷ್ಟೋ ಸಲ ಪಾಸ್‌ವರ್ಡ್ ಕದಿಯುವ ಜೊತೆಗಾರನನ್ನು ಕರೆತರುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಹೋಗಿವೆ ಎಂದೇ ತಿಳಿದು, ಫೋನಿನಿಂದ ಎಲ್ಲವನ್ನೂ ಬದಲಿಸಿ.

ನಂತರ ಹಾಳಾದ ಫೈಲುಗಳನ್ನೂ ಚೀಟಿಯನ್ನೂ ಒಂದು ಹೊರ ಡಿಸ್ಕಿಗೆ ಹಾಕಿ ಕಪಾಟಿನಲ್ಲಿಡಿ, ಮುಂದೊಂದು ದಿನ ಕೀ ಸಿಗಬಹುದು. ಆಮೇಲೆ ವಿಂಡೋಸನ್ನು ಹೊಸದಾಗಿ ಹಾಕಿ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿಕೊಳ್ಳಿ, ಇನ್‌ಸ್ಟಾಲ್ ಮಾಡುವಾಗ ಹಳೆಯ ಪಾರ್ಟಿಷನ್ನುಗಳನ್ನು ಅಳಿಸಿ. ಮಗನಿಗೆ ಉಚಿತ ಎಡಿಟಿಂಗ್ ತಂತ್ರಾಂಶವೇ ಬೇಕಿದ್ದರೆ ಡಾವಿಂಚಿ ರಿಸಾಲ್ವ್, ಶಾಟ್‌ಕಟ್, ಕೆಡೆನ್‌ಲೈವ್ ಇವೆ. ‘ಇನ್‌ಸ್ಟಾಲ್ ಮಾಡುವ ಮುಂಚೆ ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಬರೆದಿರುವ, ಪಾಸ್‌ವರ್ಡ್ ಹಾಕಿದ ಜಿಪ್ ಕೊಡುವ ತಾಣ ಕಂಡರೆ ಅಲ್ಲೇ ನಿಲ್ಲಲಿ. ಜಿಪ್‌ಗೆ ಪಾಸ್‌ವರ್ಡ್ ಹಾಕುವುದು ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದೇ.

ಒಂದು ತಾಣದಲ್ಲಿ ‘ನಾನು ರೋಬಾಟ್ ಅಲ್ಲ’ ಎಂದು ತೋರಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಕೊಡಿ ಎಂದಿತ್ತು. ಹಾಗೇ ಮಾಡಿದೆ. ಕಪ್ಪು ಕಿಟಕಿಯೊಂದು ಮಿಂಚಿ ಮರೆಯಾಯಿತು. ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಚಿಂತೆ ಬೇಡ ತಾನೇ?
— ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು

ಚಿಂತೆ ಬೇಕು, ಅದೂ ಇವತ್ತೇ. ಆ ಪುಟ ನಿಮಗೆ ತಿಳಿಯದಂತೆ ಕ್ಲಿಪ್‌ಬೋರ್ಡಿಗೆ (ಕಾಪಿ ಮಾಡಿದ್ದು ಕೂರುವ ಜಾಗಕ್ಕೆ) ಒಂದು ಆದೇಶ ತುಂಬಿತ್ತು, ನೀವು ಅದನ್ನು ನಿಮ್ಮ ಕೈಯಾರೆ ಓಡಿಸಿದಿರಿ. ಫೈಲ್ ಡೌನ್‌ಲೋಡ್ ಆಗಿದ್ದರೆ ಬ್ರೌಸರ್ ಎಚ್ಚರಿಸುತ್ತಿತ್ತು. ಇದಕ್ಕೆ ಆ ತಡೆಗಳಿಲ್ಲ. 2024ರಿಂದ ಹಬ್ಬಿರುವ ಈ ತಂತ್ರಕ್ಕೆ ‘ಕ್ಲಿಕ್‌ಫಿಕ್ಸ್’ ಎಂದು ಹೆಸರು. ಇದರ ಮೂಲಕ ಹೆಚ್ಚಾಗಿ ಬರುವುದು ಲುಮಾದಂಥ ಮಾಹಿತಿಗಳ್ಳ ತಂತ್ರಾಂಶ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಲುಮಾದ ಸುಮಾರು 2,300 ಡೊಮೇನ್‌ಗಳನ್ನು (ಜಾಲತಾಣದ ವಿಳಾಸಗಳನ್ನು) ಕಿತ್ತುಕೊಂಡರು, ತಂತ್ರ ಮಾತ್ರ ನಿಂತಿಲ್ಲ.

ನೋಡಬೇಕೆಂದರೆ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಚೌಕದ ಬದಿಯ ಬಾಣದ ಗುರುತು ಒತ್ತಿ. ನೀವು ಓಡಿಸಿದ ಸಾಲು ಅಲ್ಲೇ ಇರುತ್ತದೆ. ಪವರ್‌ಶೆಲ್ ಅಥವಾ ಎಂಎಸ್‌ಎಚ್‌ಟಿಎ ಎಂದು ಶುರುವಾಗಿ, ಕೊನೆಗೆ ‘ನಾನು ರೋಬಾಟ್ ಅಲ್ಲ’ ಎಂಬ ಇಂಗ್ಲಿಷ್ ಪದಗಳು. ಸಣ್ಣ ಚೌಕದಲ್ಲಿ ಕಾಣುವುದು ಆ ಬಾಲ ಮಾತ್ರ. ಎಸ್ಕೇಪ್ ಒತ್ತಿ ಮುಚ್ಚಿ, ಮರೆತೂ ಎಂಟರ್ ಕೊಡಬೇಡಿ.

ಸ್ಕ್ಯಾನ್‌ನಲ್ಲಿ ಏನೂ ಸಿಗದಿರುವುದು ಸಮಾಧಾನದ ಮಾತಲ್ಲ. ಇಂಥವು ಮನೆ ಮಾಡಿಕೊಂಡು ಕೂರಬೇಕೆಂದಿಲ್ಲ. ಪಾಸ್‌ವರ್ಡು, ಕುಕೀಗಳನ್ನು ಬಾಚಿಕೊಂಡು ಕೆಲವೇ ನಿಮಿಷದಲ್ಲಿ ಹೊರಟುಬಿಡಬಹುದು. ಕುಕೀ ಕಳವು ಪಾಸ್‌ವರ್ಡ್ ಕಳವಿಗಿಂತ ಕೆಟ್ಟದ್ದು. ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಕುಕೀಯೇ ಸಾಕ್ಷಿ, ಅದು ಕೈಯಲ್ಲಿದ್ದವರಿಗೆ ಒಟಿಪಿಯೂ ಬೇಕಾಗುವುದಿಲ್ಲ. ಎರಡು ಹಂತದ ಭದ್ರತೆ ಇದ್ದ ಯೂಟ್ಯೂಬ್ ಚಾನೆಲ್‌ಗಳೂ ಹೀಗೇ ಕೈಬಿಟ್ಟು ಹೋಗುತ್ತವೆ.

ಫೋನಿನಿಂದ ಅಥವಾ ಬೇರೆ ಕಂಪ್ಯೂಟರಿನಿಂದ ಮೊದಲು ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೇನೆ’ ಕೊಂಡಿ ಬರುವುದು ಅಲ್ಲಿಗೇ. ಆಗಲೇ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, ಕದ್ದ ಕುಕೀ ಸಾಯುವುದು ಆಗ. ರಿಕವರಿ ಫೋನ್ ಸಂಖ್ಯೆ, ಮೇಲ್ ಫಾರ್ವರ್ಡಿಂಗ್ ನಿಮ್ಮದೇ ಇವೆಯೇ ನೋಡಿ. ಆಮೇಲೆ ಬ್ಯಾಂಕು, ಷೇರು ಖಾತೆ, ಸಾಮಾಜಿಕ ಜಾಲತಾಣಗಳು. ಕಂಪನಿಯ ಖಾತೆಗೆ ಆ ಯಂತ್ರದಿಂದ ಲಾಗಿನ್ ಆಗಿದ್ದರೆ ಮುಜುಗರಪಡದೆ ಅಲ್ಲಿನ ಐಟಿ ವಿಭಾಗಕ್ಕೆ ತಿಳಿಸಿ. ಕೊನೆಯದಾಗಿ ಕಂಪ್ಯೂಟರ್: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ, ‘ರಿಮೂವ್ ಎವೆರಿಥಿಂಗ್’, ‘ಕ್ಲೌಡ್ ಡೌನ್‌ಲೋಡ್’. ಇದಕ್ಕೆ 4 ಜಿಬಿಗೂ ಮೇಲೆ ಡೇಟಾ ಬೇಕಾಗಬಹುದು. ಈ ಅನುಕ್ರಮ ತಿರುಗಿಸಿ, ಸೋಂಕಿದ ಯಂತ್ರದಲ್ಲೇ ಹೊಸ ಪಾಸ್‌ವರ್ಡ್ ಹೊಡೆದರೆ ಅದನ್ನೂ ಕಳ್ಳನ ಕೈಗೆ ಕೊಟ್ಟ ಹಾಗೆ.

ಪರದೆ ತುಂಬ ಎಚ್ಚರಿಕೆ ಬಂದು, ಸೈರನ್ ಕೂಗಿ, ಫೋನ್ ನಂಬರ್ ತೋರಿಸಿತು. ಅಪ್ಪ ಫೋನ್ ಮಾಡಿದರು. ಆ ಕಡೆಯವರು ಹೇಳಿದಂತೆ ಎನಿಡೆಸ್ಕ್ (ದೂರದಿಂದ ಯಂತ್ರ ನಡೆಸಲು ಬಿಡುವ ತಂತ್ರಾಂಶ) ಹಾಕಿಕೊಂಡರು. ಯಂತ್ರದ ತುಂಬ ಕೆಂಪು ಎರರ್‌ಗಳನ್ನು ಅವರು ತೋರಿಸಿದರಂತೆ.
— ಓದುಗರು, ಉಡುಪಿ

ಆ ಎರರ್‌ಗಳು ನಮ್ಮ ಯಂತ್ರದಲ್ಲೂ ಇವೆ, ನಿಮ್ಮ ಪಕ್ಕದ ಮನೆಯ ಯಂತ್ರದಲ್ಲೂ ಇವೆ. ‘ಇವೆಂಟ್ ವ್ಯೂವರ್’ ತೆರೆದರೆ ಎಲ್ಲ ವಿಂಡೋಸಿನಲ್ಲೂ ಕೆಂಪು ಗುರುತುಗಳ ಸಾಲು ಕಾಣುತ್ತದೆ. ಮೈಕ್ರೋಸಾಫ್ಟಿನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ಪರದೆ ಬರೀ ಒಂದು ವೆಬ್ ಪುಟ: ಎಸ್ಕೇಪ್ ಕೀಯನ್ನು ಒತ್ತಿ ಹಿಡಿದು ಪುಟ ಮುಚ್ಚಿದರೆ ಅಥವಾ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿದರೆ ಹೋಗುತ್ತದೆ. ಮತ್ತೆ ತೆರೆದಾಗ ‘ರಿಸ್ಟೋರ್ ಪೇಜಸ್’ ಬೇಡ.

ಅಪ್ಪನ ವಿಷಯ ಬೇರೆ, ಅವರು ಯಂತ್ರದ ಚುಕ್ಕಾಣಿಯನ್ನೇ ವಂಚಕರಿಗೆ ಕೊಟ್ಟಿದ್ದಾರೆ. ಇಂಟರ್ನೆಟ್ ತಪ್ಪಿಸಿ, ಎನಿಡೆಸ್ಕ್ ತೆಗೆದುಹಾಕಿ. ಆ ದಿನಾಂಕದಂದು ಬೇರೇನು ಇನ್‌ಸ್ಟಾಲ್ ಆಗಿದೆ ಎಂದು ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಒಂದರ ಜೊತೆ ಎರಡನೆಯ ರಿಮೋಟ್ ತಂತ್ರಾಂಶ ಬಚ್ಚಿಟ್ಟು ಹೋಗುವುದುಂಟು. ಫುಲ್ ಸ್ಕ್ಯಾನ್ ಮಾಡಿ. ವಂಚಕರು ನೋಡುತ್ತಿರುವಾಗ ಬ್ಯಾಂಕ್ ಖಾತೆ ತೆರೆದಿದ್ದರೆ ಬ್ಯಾಂಕಿಗೆ ಹೇಳಿ ನೆಟ್‌ಬ್ಯಾಂಕಿಂಗ್ ತಡೆಹಿಡಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹರಿಯುವ ಮುಂಚೆ ತಡೆಯುವ ಆಟ ಅದು, ನಾಳೆ ನೋಡೋಣ ಎಂದರೆ ಮುಗಿಯಿತು.

ಸೈಬರ್ ಸ್ವಚ್ಛತಾ ಕೇಂದ್ರದ ಹೆಸರಿನಲ್ಲಿ ಎಸ್‌ಎಂಎಸ್ ಬಂದಿದೆ. ಮೋಸವೇ?
— ಓದುಗರು, ಕಲಬುರಗಿ

ಕೇಂದ್ರ ನಿಜವಾದದ್ದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರುವರಿಯಿಂದ ಅದನ್ನು ನಡೆಸುತ್ತಿದೆ. ಬಾಟ್ (ದೂರದವರ ಆಜ್ಞೆಯಂತೆ ನಡೆಯುವ ಮಾಲ್‌ವೇರ್) ತೆಗೆಯುವ ಉಚಿತ ತಂತ್ರಾಂಶಗಳು ಅಲ್ಲಿವೆ. ಎಸ್‌ಎಂಎಸ್ ನಿಜವೋ ಅಲ್ಲವೋ ಎಂದು ತಲೆಕೆಡಿಸಿಕೊಳ್ಳದೆ, ಅದರಲ್ಲಿರುವ ಕೊಂಡಿ ಒತ್ತುವ ಬದಲು ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್ ಎಂದು ನೀವೇ ಬರೆದು ಹೋಗಿ.

ದುಡ್ಡು ಕೊಟ್ಟು ಆ್ಯಂಟಿವೈರಸ್ ಕೊಳ್ಳಬೇಕೇ? ನಮ್ಮದು ವಿಂಡೋಸ್ 10.
— ಅಂಗಡಿ ಮಾಲೀಕರು, ಹುಬ್ಬಳ್ಳಿ

ಮನೆಗೆ ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಸಾಕು ಎಂಬುದು ನಮ್ಮ ಅಭಿಪ್ರಾಯ, ಅದನ್ನು ಸರಿಯಾಗಿ ಇಟ್ಟುಕೊಂಡರೆ. ಮಾಲ್‌ವೇರ್ ಅದನ್ನು ಆಫ್ ಮಾಡದಂತೆ ಕಾಯುವ ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇರಲಿ. ಗುರುತಿಲ್ಲದ ತಂತ್ರಾಂಶ ನಿಮ್ಮ ಫೈಲುಗಳನ್ನು ಬದಲಿಸದಂತೆ ತಡೆಯುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಿ. ಅಪರೂಪದ ತಂತ್ರಾಂಶವೊಂದು ಫೈಲ್ ಉಳಿಸಲಾಗದೆ ತಕರಾರು ಮಾಡಿದರೆ ಅದೊಂದಕ್ಕೆ ಪರವಾನಗಿ ಕೊಡಿ. ಡಿಫೆಂಡರ್ ಸ್ಕ್ಯಾನ್ ಮಾಡದೆ ಬಿಡುವ ಜಾಗಗಳ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಯನ್ನು ತಪ್ಪದೆ ನೋಡಿ. ಅಲ್ಲಿ ಇಡೀ ಸಿ ಡ್ರೈವ್ ಇದ್ದರೆ ಯಾವುದೋ ಮಾಲ್‌ವೇರೋ, ಹಿಂದೆ ಕ್ರ್ಯಾಕ್ ಹಾಕಿಕೊಟ್ಟವರೋ ಕಾವಲುಗಾರನ ಕಣ್ಣು ಕಟ್ಟಿದ್ದಾರೆ ಎಂದರ್ಥ. ಅವಧಿ ಮುಗಿದ ಹಳೆಯ ಆ್ಯಂಟಿವೈರಸ್ ಕೂತಿದ್ದರೆ ತೆಗೆದುಹಾಕಿ, ಅದು ಇರುವ ತನಕ ಡಿಫೆಂಡರ್ ಎಚ್ಚರವಾಗದೇ ಇರಬಹುದು.

ನಿಮ್ಮ ತೊಡಕು ಬೇರೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರಿಗೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆ, ಆದರೆ ವಿಂಡೋಸಿನ ತೂತು ಮುಚ್ಚುವ ತೇಪೆ ಬರುವುದಿಲ್ಲ. 2017ರ ವಾನಾಕ್ರೈ ರ್‍ಯಾನ್ಸಮ್‌ವೇರ್ ದಾಳಿ ನೆನಪಿಸಿಕೊಳ್ಳಿ: ತೇಪೆ ಮಾರ್ಚಿನಲ್ಲೇ ಬಂದಿತ್ತು, ಮೇ 12ರಂದು ಹೊಡೆತ ಬಿದ್ದದ್ದು ಹಾಕಿಕೊಳ್ಳದವರಿಗೆ. ಯಂತ್ರ ವಿಂಡೋಸ್ 11ಕ್ಕೆ ಒಗ್ಗಿದರೆ ಬದಲಿಸಿ. ಒಗ್ಗದಿದ್ದರೆ ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಇಎಸ್‌ಯು’ಗೆ (ಹೆಚ್ಚುವರಿ ಭದ್ರತಾ ತೇಪೆಗಳ ಯೋಜನೆಗೆ) ಹೆಸರು ನೋಂದಾಯಿಸಿ, 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆ. ಆ್ಯಂಟಿವೈರಸ್ಸಿಗೆ ಎತ್ತಿಟ್ಟ ದುಡ್ಡಿನಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಕೊಳ್ಳಿ. ಅಂಗಡಿಯ ಲೆಕ್ಕವನ್ನು ವಾರಕ್ಕೊಮ್ಮೆ ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಕೊಂಡೇ ಇರುವ ಬ್ಯಾಕಪ್ಪನ್ನು ರ್‍ಯಾನ್ಸಮ್‌ವೇರ್ ಇನ್ನೊಂದು ಡ್ರೈವ್ ಎಂದೇ ಲೆಕ್ಕ ಹಾಕುತ್ತದೆ.